ಅಳಿಸಿದ ಮಾತಿನ ಬೆನ್ನು ಹತ್ತುವವಳಿಗೆ

ಮಗಳೇ, ಜಾಲತಾಣದವರು ಬರಹ ಅಳಿಸಿದಾಗ, ಖಾತೆ ಮುಚ್ಚಿದಾಗ ಬಳಕೆದಾರರಿಗೆ ಯಾವ ಹಕ್ಕು ಉಳಿಯುತ್ತದೆ ಎಂಬುದರ ಮೇಲೆ ಎಲ್‌ಎಲ್‌ಎಂ ಪ್ರಬಂಧ ಬರೆಯಲು ಹೊರಟಿದ್ದೀ. ದೆಹಲಿಯ ಗ್ರಂಥಾಲಯ ಇಲ್ಲವಲ್ಲ ಎಂದು ಕೊರಗಬೇಡ. ಕಾಸರಗೋಡಿನಲ್ಲೇ ಕೂತು ಮಾಡಬೇಕಾದ ಕೆಲಸ ಇದರಲ್ಲಿ ಬಹಳ ಇದೆ. ನನಗೆ ತೋಚಿದ್ದನ್ನು ಬರೆದಿದ್ದೇನೆ.

• ತೀರ್ಪಿನ ಸುದ್ದಿಯನ್ನಲ್ಲ, ತೀರ್ಪನ್ನೇ ಓದು. 2015ರ ಮಾರ್ಚ್ 24ರ ಸುಪ್ರೀಂ ಕೋರ್ಟಿನ ಶ್ರೇಯಾ ಸಿಂಘಾಲ್ ತೀರ್ಪಿನಿಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಹೋಯಿತು ಎಂಬುದಷ್ಟೇ ಹೆಚ್ಚಿನವರಿಗೆ ಗೊತ್ತು. ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಅದೇ ದಿನ ಬಿದ್ದುಹೋಯಿತು. ಹೀಗಿದ್ದೂ 2020ರ ನವೆಂಬರಿನಲ್ಲಿ ಆ ಕಾಯ್ದೆಗೆ 118ಎ ಸೇರಿಸುವ ಸುಗ್ರೀವಾಜ್ಞೆ ಬಂತು. ಜನ ಎದ್ದು ನಿಂತದ್ದರಿಂದ ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ನಮ್ಮದೇ ರಾಜ್ಯದ ಈ ಕಥೆಯಿಂದ ಶುರುಮಾಡು.

• ಅಳಿಸಿದ್ದು ಯಾರು ಎಂದು ಮೊದಲು ಕೇಳು. ಕಂಪನಿ ತನ್ನ ನಿಯಮದ ಪ್ರಕಾರ ತೆಗೆದದ್ದೋ, ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕೆಳಗೆ ತೆಗೆಸಿದ್ದೋ, ಕೋರ್ಟಿನ ಆದೇಶವೋ? ಒಂದೊಂದಕ್ಕೂ ಬೇರೆ ದಾರಿ. ಕೇಂದ್ರದ ಸಹಯೋಗ್ ಪೋರ್ಟಲ್ ಮೂಲಕ ಬರಹ ತೆಗೆಯಿರಿ ಎಂದು ಅಧಿಕಾರಿಗಳು ಕಳಿಸುವ ಸೂಚನೆಗಳನ್ನು ಎಕ್ಸ್ ಕಂಪನಿ ಪ್ರಶ್ನಿಸಿದ್ದನ್ನು ಕರ್ನಾಟಕ ಹೈಕೋರ್ಟು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಅದನ್ನು ಶ್ರೇಯಾ ಸಿಂಘಾಲ್ ಪಕ್ಕದಲ್ಲಿ ಇಟ್ಟುಕೊಂಡು ಓದು. ಪ್ರಜೆಯ ಮಾತಿನ ಬಗ್ಗೆ ಕಂಪನಿಯೂ ಸರ್ಕಾರವೂ ವಾದಿಸುತ್ತವೆ, ಮಾತಾಡಿದವನು ಮಾತ್ರ ಕೋರ್ಟಿನ ಹೊರಗೆ ನಿಂತಿರುತ್ತಾನೆ. ನನ್ನನ್ನು ಹೆಚ್ಚು ಕಾಡುವುದು ಅದೇ.

• ಹಾಗೆ ಹೊರಗೆ ನಿಲ್ಲದೆ ಒಳಗೆ ಹೋದವರಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆ ಒಬ್ಬರು. 2019ರಲ್ಲಿ ಟ್ವಿಟರ್ ಅವರ ಖಾತೆ ಮುಚ್ಚಿತು. ನಾಜಿ ವಂದನೆಗೆ ಕೈ ಎತ್ತದೆ ನಿಂತ ಜರ್ಮನ್ ಕಾರ್ಮಿಕನ ಹಳೆಯ ಚಿತ್ರ ಅದರಲ್ಲಿತ್ತು. ಅವರು ದೆಹಲಿ ಹೈಕೋರ್ಟಿಗೆ ಹೋದರು. ಖಾಸಗಿ ಕಂಪನಿಯ ಎದುರು ಸಂವಿಧಾನದ 19ನೇ ವಿಧಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ 2023ರ ಕೌಶಲ್ ಕಿಶೋರ್ ತೀರ್ಪು ನೋಡು. ಬಹುಮತದವರು ನಿಲ್ಲುತ್ತದೆ ಎಂದರು. ನ್ಯಾಯಮೂರ್ತಿ ನಾಗರತ್ನ ಅವರ ಭಿನ್ನಮತವನ್ನೂ ಬಿಡಬೇಡ.

• ಭಾಷೆಯ ವಿಷಯಕ್ಕೆ ಒಂದು ಇಡೀ ಅಧ್ಯಾಯ ಕೊಡು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ 2022ರ ಅಕ್ಟೋಬರಿನಲ್ಲಿ ತಿದ್ದುಪಡಿ ಬಂತು: ಬಳಕೆಯ ಷರತ್ತುಗಳು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಬಳಕೆದಾರ ಬಯಸಿದ ಭಾಷೆಯಲ್ಲಿ ಸಿಗಬೇಕು. ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಉರ್ದು ಇದರೊಳಗೆ ಬಂದವು. ತುಳು, ಬ್ಯಾರಿ ಹೊರಗೇ ಉಳಿದವು. ಮಂಜೇಶ್ವರದ ಒಂದು ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಇವಿಷ್ಟೂ ಕಿವಿಗೆ ಬೀಳುತ್ತವೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿ ಬರೆಯುವ ನಮ್ಮವರ ಬರಹವನ್ನು ಜಾಲತಾಣದ ಯಂತ್ರ ಹೇಗೆ ತೂಗುತ್ತದೆ? ಯಕ್ಷಗಾನದ ‘ಕೀಚಕ ವಧೆ’ಯ ವೀರಾವೇಶದ ಮಾತನ್ನು ಬೆದರಿಕೆ ಎಂದು ಎಣಿಸಿದರೆ ಕೇಳುವವರು ಯಾರು? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಾವು ಈ ಪ್ರಶ್ನೆ ಎತ್ತದಿದ್ದರೆ ಬೇರೆ ಯಾರೂ ಎತ್ತುವುದಿಲ್ಲ.

• ಸಂವಿಧಾನದ 350ನೇ ವಿಧಿಯನ್ನು ಇದರ ಜೊತೆಗೆ ಇಡು. ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಅದು. ಜಾಲತಾಣದ ದೂರು ಅಧಿಕಾರಿಯ ಮೇಲೆ ಕೇಂದ್ರದ ಮೇಲ್ಮನವಿ ಸಮಿತಿಗಳಿವೆ, 30 ದಿನಗಳೊಳಗೆ ಅಲ್ಲಿಗೆ ಹೋಗಬೇಕು. ಅಲ್ಲಿ ಕನ್ನಡದ ಮೇಲ್ಮನವಿಯನ್ನು ಕೇಳಲೇಬೇಕೆಂದು ವಾದಿಸಬಹುದೇ? ಬರೆದು ತೋರಿಸು.

• ವಾಟ್ಸ್ಯಾಪ್ ಅಡ್ಮಿನ್ ಪ್ರಶ್ನೆ ಎಲ್ಲಿ ಹೋದರೂ ಎದುರಾಗುತ್ತದೆ. ಜೀರ್ಣೋದ್ಧಾರ ಸಮಿತಿಗೂ ಯಕ್ಷಗಾನ ಸಂಘಕ್ಕೂ ಗುಂಪು ಇದೆಯಲ್ಲ. ಸದಸ್ಯ ಹಾಕಿದ ಬರಹಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಹೇಳಿದೆ. ಹೆದರಿದವರಿಗೆ ಅದನ್ನು ತಿಳಿಸು.

• ನಿಯಮಗಳು ಮತ್ತೆ ಮತ್ತೆ ತಿದ್ದುಪಡಿಯಾಗುತ್ತವೆ. ಗಡುವಿನ ದಿನ ಬರೆಯುವ ಮೊದಲು ಗೆಜೆಟ್ ನೋಡು, ಬರಹ ಅಳಿಸಿದ ದಿನ ನಿಯಮದ ಯಾವ ರೂಪ ಜಾರಿಯಲ್ಲಿತ್ತು ಎಂದೂ ನೋಡು.

• ಬರಹ ಕಳೆದುಕೊಂಡು ನೊಂದವರ ಮನೆಗೆ ಹೋದಾಗ ಅವರ ಒಪ್ಪಿಗೆ ಬರಹದಲ್ಲಿ ತೆಗೆದುಕೋ. ಪ್ರಬಂಧದಲ್ಲಿ ಹೆಸರು ಬೇಡ. ಬರೀ ಸ್ಕ್ರೀನ್‌ಶಾಟ್ ಸಾಲದು. ಲಿಂಕ್, ದಿನಾಂಕ, ಗಂಟೆ, ಕಂಪನಿಯಿಂದ ಬಂದ ಇಮೇಲ್ ಎಲ್ಲವೂ ಬೇಕು. 2021ರ ನಿಯಮಗಳ 4(8)ರಂತೆ ದೊಡ್ಡ ಜಾಲತಾಣ ತಾನಾಗಿ ಅಳಿಸುವಾಗ ಮೊದಲೇ ಕಾರಣ ತಿಳಿಸಬೇಕು, ಎದುರು ಹೇಳಲು ಅವಕಾಶವನ್ನೂ ಕೊಡಬೇಕು. ಆ ಇಮೇಲ್ ಬಂತೋ ಇಲ್ಲವೋ ಎಂಬುದೇ ಅರ್ಧ ಕೇಸು. ಮುಂದೆ ಕೋರ್ಟಿಗೆ ಹೋಗುವವರಿದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಬಗ್ಗೆ ಈಗಲೇ ಹೇಳಿಡು.

• ಪ್ರಬಂಧ ಮುಗಿಸಿದ ಮೇಲೆ ಮೇಲ್ಮನವಿಯ ಒಂದು ಮಾದರಿಯನ್ನು ಸರಳ ಕನ್ನಡದಲ್ಲಿ ಬರೆದು ಊರಿನ ಗ್ರಂಥಾಲಯಗಳಿಗೂ ವಿದ್ಯಾನಗರದ ಕೋರ್ಟಿನ ಎಳೆಯ ವಕೀಲರಿಗೂ ಕೊಡು. ಅಚ್ಚಿನ ಖರ್ಚು ನನಗಿರಲಿ.