ಶುಶ್ರೂಷೆ ಮಾಡಿದವರಿಗೊಂದು ಕಿವಿಮಾತು

2021ರ ಏಪ್ರಿಲ್-ಮೇ ತಿಂಗಳುಗಳ ಕೋವಿಡ್ ಅಲೆಯಲ್ಲಿ, ಹಾಸಿಗೆಗಳೆಲ್ಲ ತುಂಬಿ, ಆಮ್ಲಜನಕದ ಸಿಲಿಂಡರುಗಳ ದಾರಿ ಕಾಯುತ್ತ, ಪಿಪಿಇ ಕಿಟ್ಟಿನೊಳಗೆ ಬೆವರಿ, ಶೌಚಕ್ಕೆ ಹೋಗಬೇಕಾದೀತೆಂದು ನೀರನ್ನೂ ಕುಡಿಯದೆ ಪಾಳಿ ಮುಗಿಸಿದ ದಾದಿಯರಲ್ಲಿಯೂ ವೈದ್ಯರಲ್ಲಿಯೂ ಎಷ್ಟೋ ಮಂದಿಗೆ, ಆ ದಿನಗಳು ಕಳೆದ ಬಹುಕಾಲದ ಮೇಲೂ ನಿದ್ರೆಯು ಹಿಂದಿನಂತೆ ಬಾರದೆ ಹೋದದ್ದು ಆಶ್ಚರ್ಯದ ಸಂಗತಿಯಲ್ಲ.

ದೇಹಶ್ರಮಕ್ಕಿಂತ ಹೆಚ್ಚಾಗಿ ಕಾಡುವುದು, ಇದ್ದೊಂದು ವೆಂಟಿಲೇಟರನ್ನು ಯಾರಿಗೆ ಕೊಡಬೇಕೆಂದು ನಿರ್ಣಯಿಸಬೇಕಾಗಿ ಬಂದ ಗಳಿಗೆ. ಮರಣೋನ್ಮುಖನಾದವನ ಕಿವಿಗೆ ಮೊಬೈಲನ್ನು ಹಿಡಿದು, ಅತ್ತ ಕಡೆಯಿಂದ ಮಗಳು ಅಳುವುದನ್ನು ತಾವೂ ಕೇಳುತ್ತ ನಿಂತ ಗಳಿಗೆ. ಈ ವೇದನೆಯನ್ನು ದೌರ್ಬಲ್ಯವೆಂದು ಬಗೆಯತಕ್ಕದ್ದಲ್ಲ. ಸಾಧನಗಳ ಅಭಾವದಿಂದುಂಟಾದ ದುರಂತವನ್ನು ಸ್ವಂತ ಪಾಪವೆಂದು ಹೊರತಕ್ಕದ್ದೂ ಅಲ್ಲ. (ತಟ್ಟೆ ಬಡಿದು 'ಯೋಧ'ರೆಂದು ಕೊಂಡಾಡಿದ ನಾವು, ಅವರಿಗಿದ್ದ ಅಳುವ ಸ್ವಾತಂತ್ರ್ಯವನ್ನೇ ಕಸಿದೆವೇನೋ ಎಂದು ನನ್ನ ಗುಮಾನಿ.)

ಆದುದರಿಂದ, ಮಿತ್ರರೇ, ಪಾಳಿ ಮುಗಿದ ಮೇಲೆ ಅದೇ ವಾರ್ಡಿನಲ್ಲಿ ದುಡಿದವರೊಡನೆ ಕೊಂಚ ಹೊತ್ತು ಕುಳಿತು ಮಾತನಾಡಿರಿ; ಕಣ್ಣಾರೆ ಕಂಡವರಿಗೆ ವಿವರಣೆ ಬೇಕಾಗದು. ರಾತ್ರಿಪಾಳಿಯ ಮರುದಿನದ ನಿದ್ರೆಯನ್ನು ಯಾವ ಮದುವೆ-ಮುಂಜಿಗೂ ಬಿಟ್ಟುಕೊಡದಿರಿ. ಆದರೆ ಆ ನಿದ್ರೆಗಾಗಿ ಮದ್ಯವನ್ನಾಗಲಿ, ಕೈಗೆಟಕುವ ಗುಳಿಗೆಯನ್ನಾಗಲಿ ಆಶ್ರಯಿಸಬೇಡಿರಿ. ಔಷಧಿಯ ಕಪಾಟು ಸಮೀಪದಲ್ಲಿರುವುದೇ ನಿಮ್ಮ ವೃತ್ತಿಯ ಗಂಡಾಂತರ. ವಾರಗಳು ಕಳೆದರೂ ಉದ್ವೇಗ ಶಮನವಾಗದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ ತತ್‌ಕ್ಷಣವೇ, ಮನೋವೈದ್ಯರನ್ನು ಕಾಣಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ, 14416ಕ್ಕೆ ಕರೆಮಾಡಿ, ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು.

ಮನೆಯವರಲ್ಲಿಯೂ ಒಂದು ಬಿನ್ನಹ: ಪಾಳಿಯಿಂದ ಮರಳಿದವರನ್ನು ಬಾಗಿಲಲ್ಲೇ ನಿಲ್ಲಿಸಿ, "ಇವತ್ತು ಎಷ್ಟು ಜನ ಹೋದರು?" ಎಂದು ಕೇಳಬೇಡಿರಿ; ಮೊದಲು ಸ್ನಾನಕ್ಕೆ ಬಿಸಿನೀರು, ಆಮೇಲೆ ಊಟ, ಮಾತು ಅವರಿಗೆ ಬೇಕೆನಿಸಿದಾಗ.