ಡಿ ಡ್ರೈವಿನ ಲೆಕ್ಕ

ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇರುವ ಮನೆಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಬೇಕಾದ್ದನ್ನೆಲ್ಲ ಡಿ ಡ್ರೈವಿನಲ್ಲಿಟ್ಟರೆ ಭಯವಿಲ್ಲ ಅಂತ. ವಿಂಡೋಸ್ ಕೆಟ್ಟು ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೂ ಡಿ ಉಳಿದುಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರಲ್ಲ, ಅದರಿಂದ ಬಂದ ಧೈರ್ಯ ಇದು. ಆದರೆ ಬಹಳಷ್ಟು ಯಂತ್ರಗಳಲ್ಲಿ ಸಿ, ಡಿ ಎರಡೂ ಒಂದೇ ಹಾರ್ಡ್ ಡಿಸ್ಕಿನ ಎರಡು ಪಾಲು. ಡಿಸ್ಕೇ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕಸುಬು. ರಿಟರ್ನಿನ ಗಡುವಾದ ತಿಂಗಳ ಇಪ್ಪತ್ತನೇ ತಾರೀಕು ಹತ್ತಿರ ಬರುತ್ತಿದ್ದ ವಾರದಲ್ಲೇ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದುಕೊಳ್ಳಲು ತಿಣುಕತೊಡಗಿತು. ಕ್ಯಾಬಿನೆಟ್ಟಿನ ಒಳಗಿಂದ ಆಗಾಗ ಕಟ್ ಕಟ್ ಎಂಬ ಸದ್ದು. ಪರಿಚಯದ ಸರ್ವಿಸ್ ಹುಡುಗ ಫೋನಿನಲ್ಲೇ ತೀರ್ಪು ಕೊಟ್ಟ: "ವಿಂಡೋಸ್ ಸ್ಲೋ ಆಗಿರುತ್ತೆ ಸಾರ್, ಒಂದ್ಸಲ ಫಾರ್ಮ್ಯಾಟ್ ಹೊಡೆದ್ರೆ ಸರಿಹೋಗುತ್ತೆ." ಫಾರ್ಮ್ಯಾಟಿಗೆ ಐನೂರು ರೂಪಾಯಿ. ನಾನು ಒಪ್ಪಲಿಲ್ಲ.

ಮೊದಲ ತಪಾಸಣೆಗೆ ದುಡ್ಡೇ ಬೇಡ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಅಲ್ಲಿ ಸಿಆರ್‌ಸಿ ದೋಷದ ಎಣಿಕೆಯೊಂದೇ ಏರುತ್ತಿದ್ದರೆ ತಪ್ಪು ಬಹುಶಃ ಸಾಟಾ ಕೇಬಲ್ಲಿನದು. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ. ಕೇಬಲ್ ಸಡಿಲವಾಗಿದ್ದದ್ದಕ್ಕೆ ಹೊಸ ಡಿಸ್ಕ್ ಕೊಂಡವರನ್ನು ನಾನು ಬಲ್ಲೆ. ನನ್ನ ಡಿಸ್ಕಿನಲ್ಲಿ ಏರಿದ್ದದ್ದು ಬೇರೆ ಎರಡು ಸಾಲು: ಕೆಟ್ಟ ಜಾಗ ಬಿಟ್ಟು ಬೇರೆಡೆಗೆ ಸ್ಥಳಾಂತರಿಸಿದ ಸೆಕ್ಟರುಗಳು, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು. ಬಣ್ಣ ಹಳದಿಗೆ ತಿರುಗಿತ್ತು.

ಹಳದಿ ಬಂದ ಮೇಲೆ ಎಷ್ಟು ಕಾಲ? ಗೂಗಲ್ ತನ್ನಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು. ಮೊದಲ ಸ್ಕ್ಯಾನ್ ದೋಷ ಕಾಣಿಸಿಕೊಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದಿತ್ತು ಅದು. ಅದೇ ಅಧ್ಯಯನದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು: ಕೆಟ್ಟ ಡಿಸ್ಕುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು ಸ್ಮಾರ್ಟಿನ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಹೋಗಿದ್ದವು. ಅಂದರೆ ನನಗೆ ಸಿಕ್ಕ ಹಳದಿ ಬಣ್ಣ ಅರ್ಧಕ್ಕರ್ಧ ಜನಕ್ಕೆ ಸಿಗದ ನೋಟಿಸು.

ನೋಟಿಸು ಬಂದ ಮೇಲೆ ಖರ್ಚಿಗೆ ಒಂದು ಸರದಿ ಇರಬೇಕು. ಸಾಮಾನ್ಯವಾಗಿ ಜನ ಮೊದಲು ಹೊಸ ಡಿಸ್ಕಿನ ಬೆಲೆ ವಿಚಾರಿಸುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಕೆಡುತ್ತಿರುವ ಡಿಸ್ಕಿಗೆ ಉಳಿದಿರುವ ಓಟ ಇಷ್ಟೇ ಎಂದು ಗೊತ್ತಿಲ್ಲದಿರುವಾಗ ಆ ಓಟವನ್ನು ಯಾವುದಕ್ಕೆ ಬಳಸುತ್ತೇವೆ ಎನ್ನುವುದೇ ನಿಜವಾದ ಹಣಕಾಸಿನ ತೀರ್ಮಾನ. ಡಿಫ್ರಾಗ್ ಮಾಡಿ, ಚೆಕ್‌ಡಿಸ್ಕ್ ಓಡಿಸಿ ಅದನ್ನು ದುಡಿಸಿದರೆ ಇದ್ದ ಉಸಿರೂ ಖರ್ಚಾಗುತ್ತದೆ. ಇರುವುದನ್ನು ಹೊರಗೆ ತೆಗೆಯುವುದಷ್ಟೇ ಅದಕ್ಕೆ ಕೊಡಬೇಕಾದ ಕೆಲಸ.

ಯಾವುದನ್ನು ಮೊದಲು ತೆಗೆಯುವುದು? ಇಲ್ಲಿ ಗಿಗಾಬೈಟಿನ ಲೆಕ್ಕಕ್ಕೂ ರೂಪಾಯಿಯ ಲೆಕ್ಕಕ್ಕೂ ಸಂಬಂಧವೇ ಇಲ್ಲ. ನನ್ನ ಡಿಸ್ಕಿನಲ್ಲಿ ಅತಿ ಹೆಚ್ಚು ಜಾಗ ತಿಂದಿದ್ದದ್ದು ಮಗ ಇಳಿಸಿಕೊಂಡ ಸಿನಿಮಾಗಳು. ಅವುಗಳ ಬೆಲೆ ಸೊನ್ನೆ. ಎಲ್ಲ ಗಿರಾಕಿಗಳ ಟ್ಯಾಲಿ ಡೇಟಾ ಒಟ್ಟಿಗೆ ಸೇರಿಸಿದರೂ ಮೇಜಿನ ಡ್ರಾಯರಿನಲ್ಲಿದ್ದ ಹಳೇ ಪೆನ್ ಡ್ರೈವಿನಲ್ಲಿ ಹಿಡಿಯಿತು. ಆದರೆ ಅದರಲ್ಲಿ ಒಂದೇ ಒಂದು ಅಂಗಡಿಯ ಒಂದು ವರ್ಷದ ಖರೀದಿ ಬಿಲ್ಲುಗಳನ್ನು ಮತ್ತೆ ಎಂಟ್ರಿ ಮಾಡಿಸಬೇಕೆಂದರೆ ಸಹಾಯಕರ ಸಂಬಳಕ್ಕೇ ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಬೇಕು. ಬಿಟ್ಟುಬಿಡೋಣ ಅನ್ನುವಂತೆಯೂ ಇಲ್ಲ. ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕೆಂದು ಜಿಎಸ್‌ಟಿ ಕಾನೂನೇ ಹೇಳುತ್ತದೆ. ಆಮೇಲೆ ಮನೆಯ ಫೋಟೊಗಳು. ಅವಕ್ಕೆ ನಾನು ಬೆಲೆ ಕಟ್ಟಲಿಲ್ಲ, ಕಟ್ಟುವಂಥದ್ದೂ ಅಲ್ಲ. ಸಿನಿಮಾಗಳ ಸರದಿ ಬರಲೇ ಇಲ್ಲ. ಮಗನಿಗೆ ಸಿಟ್ಟು ಬಂದದ್ದು ಬೇರೆ ಮಾತು.

ಈ ಓಟ ಮುಗಿದುಹೋದ ಮೇಲೆ ಉಳಿಯುವುದು ಡೇಟಾ ರಿಕವರಿಯವರ ಬಾಗಿಲು. ಒಳಗಿನ ಹೆಡ್ ಬದಲಿಸಬೇಕಾದ ಕೇಸಾದರೆ ಧೂಳಿಲ್ಲದ ಕೋಣೆ ಬೇಕು, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬಿಡಿಭಾಗ ಬೇಕು. ಬಿಲ್ಲು ಹತ್ತಾರು ಸಾವಿರಕ್ಕೆ ಹೋಗುತ್ತದೆ, ಅಷ್ಟು ಕೊಟ್ಟರೂ ಎಲ್ಲವೂ ಸಿಕ್ಕೇ ಸಿಗುತ್ತದೆಂಬ ಖಾತ್ರಿ ಯಾರೂ ಕೊಡುವುದಿಲ್ಲ.

ಇಷ್ಟಾದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆ. ಕಂಪ್ಯೂಟರ್ ಬಿಡಿಭಾಗಕ್ಕೆ ಅಲ್ಲಿಗೆ ಹೋದವರಿಗೆಲ್ಲ ಗೊತ್ತಿರುವ ಪ್ರಶ್ನೆ ನನಗೂ ಎದುರಾಯಿತು: "ಬಿಲ್ ಹಾಕ್ಲಾ ಸಾರ್, ಬೇಡ್ವಾ?" ಜಿಎಸ್‌ಟಿ ರಿಟರ್ನ್ ಹಾಕುವವನನ್ನು ಇದನ್ನು ಕೇಳಿದರೆ ನಗು ಬರುತ್ತದೆ. ಆದರೂ ಶೇಕಡಾ 18ರ ತೆರಿಗೆ ಉಳಿಯುತ್ತದಲ್ಲ ಎಂಬ ಆಸೆ ಬಹಳ ಜನಕ್ಕೆ. ಉಳಿಯುವುದು ಏಳೆಂಟು ನೂರು. ಕೈಬಿಡುವುದು ವಾರಂಟಿ ಕೇಳುವಾಗ ತೋರಿಸಬೇಕಾದ ಕಾಗದ. ಜಿಎಸ್‌ಟಿ ನೋಂದಣಿ ಇದ್ದು ವ್ಯಾಪಾರಕ್ಕೇ ಕೊಳ್ಳುವವರಿಗೆ ಆ 18 ಹೂಡುವಳಿ ತೆರಿಗೆ ಜಮೆಯಾಗಿ ವಾಪಸು ಸಿಗುವಂಥದ್ದು, ಅವರು ಬಿಲ್ ಬೇಡವೆಂದರೆ ನಷ್ಟ ಅವರದೇ. ಇನ್ನೊಂದು ಅಪಾಯವೂ ಇದೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಒಂದು ಮೋಸ ಬಯಲಾಯಿತು: ಸಾವಿರಾರು ಗಂಟೆ ದುಡಿದ ಡಿಸ್ಕುಗಳ ಗಂಟೆಯ ಎಣಿಕೆಯನ್ನು ಸೊನ್ನೆಗೆ ತಿರುಗಿಸಿ ಹೊಸತೆಂದು ಮಾರಿದ್ದರು. ಹಾಗಾಗಿ ನಾನು ಸೀರಿಯಲ್ ನಂಬರನ್ನು ಅಂಗಡಿಯಲ್ಲಿ ನಿಂತೇ ಕಂಪನಿಯ ತಾಣದಲ್ಲಿ ಹಾಕಿ ನೋಡಿದೆ. ಭಾರತದ ವಾರಂಟಿ, ಅದರ ದಿನಾಂಕ ಎರಡೂ ಕಂಡ ಮೇಲೆ ದುಡ್ಡು ಕೊಟ್ಟೆ.

ಒಂದು ಟಿಬಿ ಹಾರ್ಡ್ ಡಿಸ್ಕಿಗೂ ಅದರ ಅರ್ಧ ಜಾಗದ ಎಸ್‌ಎಸ್‌ಡಿಗೂ ಆಗ ಬೆಲೆ ಹೆಚ್ಚುಕಡಿಮೆ ಒಂದೇ ಇತ್ತು, ನಾಲ್ಕು ಸಾವಿರ ಚಿಲ್ಲರೆ. ಸಿನಿಮಾಗಳೇ ಹೋದ ಮೇಲೆ ಟಿಬಿ ಯಾಕೆ? ಎಸ್‌ಎಸ್‌ಡಿ ತಗೊಂಡೆ. ತಿರುಗುವ ತಟ್ಟೆಯಿಲ್ಲ, ಓಡಾಡುವ ಹೆಡ್ಡಿಲ್ಲ, ಹಾಗಾಗಿ ಟ್ಯಾಲಿಯಂತೆ ಸಣ್ಣಸಣ್ಣ ಫೈಲುಗಳನ್ನು ಹುಡುಕಾಡುವ ಕೆಲಸ ಚಕಚಕನೆ ಆಗುತ್ತದೆ. ಆದರೆ ಅದು ಕೆಡುವಾಗ ಕಟ್ ಕಟ್ ಎನ್ನುವುದಿಲ್ಲ. ಹಲವು ಬಾರಿ ಸೂಚನೆಯೇ ಇಲ್ಲದೆ ಹೋಗುತ್ತದೆ. ವೇಗಕ್ಕೆ ದುಡ್ಡು ಕೊಟ್ಟೆ, ಭದ್ರತೆಗೆ ಬೇರೆ ದುಡ್ಡು ಎತ್ತಿಟ್ಟೆ: ವಾರಕ್ಕೊಮ್ಮೆ ಮಾತ್ರ ಸಿಕ್ಕಿಸುವ ಒಂದು ಯುಎಸ್‌ಬಿ ಡಿಸ್ಕು.

ಹಳೇ ಡಬ್ಬಕ್ಕೆ ಇಷ್ಟು ಸುರಿಯುವುದು ಸರಿಯೇ ಎಂದು ಹೆಂಡತಿ ಕೇಳಿದ್ದರಲ್ಲಿ ಅರ್ಥವಿತ್ತು. ನನ್ನದು ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ವಿಂಡೋಸ್ 11ಕ್ಕೆ ಅರ್ಹತೆಯಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಅದರಾಚೆಗೆ ಸೀಮಿತ ಕಾಲದ ಭದ್ರತಾ ಅಪ್‌ಡೇಟು ಮಾತ್ರ. ಇನ್ನಷ್ಟು ರ್‍ಯಾಮ್, ಹೊಸ ಮದರ್‌ಬೋರ್ಡ್ ಎಂದಿದ್ದರೆ ನಾನೇ ಬೇಡವೆನ್ನುತ್ತಿದ್ದೆ. ಎಸ್‌ಎಸ್‌ಡಿ ಹಾಗಲ್ಲ. ನಾಳೆ ಹೊಸ ಯಂತ್ರ ಬಂದರೆ ಎರಡು ಕೇಬಲ್ ಕಿತ್ತು ಅದಕ್ಕೆ ಸಿಕ್ಕಿಸಿದರಾಯಿತು.

ಜೋಡಿಸುವ ಕೆಲಸಕ್ಕೆ ಸ್ಕ್ರೂಡ್ರೈವರ್ ಸಾಕು. ಆದರೆ ಸಾಫ್ಟ್‌ವೇರ್ ಕಡೆ ಎರಡು ವಿಷಯ ದುಡ್ಡು ಉಳಿಸುತ್ತವೆ. ಅಸಲಿ ವಿಂಡೋಸಿನ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಾದರೆ ಹೊಸ ಕೀ ಕೊಳ್ಳಬೇಕಿಲ್ಲ, ಕೊಳ್ಳಿ ಎನ್ನುವವರ ಮಾತು ಕೇಳಬೇಕಿಲ್ಲ. ಟ್ಯಾಲಿ ಇರುವವರು ಹಳೇ ಡಿಸ್ಕು ಓಡುತ್ತಿರುವಾಗಲೇ ಲೈಸೆನ್ಸನ್ನು ಸರೆಂಡರ್ ಮಾಡಿಟ್ಟುಕೊಂಡರೆ ಹೊಸದರಲ್ಲಿ ತಕರಾರಿಲ್ಲದೆ ಚಾಲೂ ಆಗುತ್ತದೆ.

ಹಳೇ ಡಿಸ್ಕಿಗೆ ಎರಡು ವರ್ಷದ ವಾರಂಟಿಯಲ್ಲಿ ಇನ್ನೂ ಕೆಲವು ತಿಂಗಳು ಬಾಕಿಯಿತ್ತು. ಕೊಟ್ಟಿದ್ದರೆ ಬದಲಿ ಡಿಸ್ಕು ಬರುತ್ತಿತ್ತು. ಕೊಡಲಿಲ್ಲ. ಸ್ಥಳಾಂತರಗೊಂಡ ಕೆಟ್ಟ ಸೆಕ್ಟರುಗಳನ್ನು ಸಾಮಾನ್ಯ ಅಳಿಸುವ ತಂತ್ರಾಂಶ ಮುಟ್ಟುವುದಿಲ್ಲ. ಅದರೊಳಗಿದ್ದದ್ದು ಬೇರೆಯವರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಯಾರು ಯಾರಿಗೆ ಎಷ್ಟು ಬಾಕಿ ಎಂಬ ಪಟ್ಟಿ. ನಾಲ್ಕು ಸಾವಿರಕ್ಕಾಗಿ ಅದನ್ನು ಕೊರಿಯರಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಮನೆಯ ಫೋಟೊ ಮಾತ್ರ ಇದ್ದಿದ್ದರೆ ಕಳಿಸುತ್ತಿದ್ದೆನೋ ಏನೋ. ನಕ್ಷತ್ರದಾಕಾರದ ಸ್ಕ್ರೂ ಬಿಚ್ಚಿ, ತಟ್ಟೆಗಳಿಗೆ ಡ್ರಿಲ್ ಹಾಕಿಸಿ, ಉಳಿದದ್ದನ್ನು ಇ-ತ್ಯಾಜ್ಯದವರಿಗೆ ಕೊಟ್ಟೆ. ಒಳಗಿನ ಅಯಸ್ಕಾಂತ ಮಾತ್ರ ಮಗ ಎತ್ತಿಟ್ಟುಕೊಂಡ, ಸಿನಿಮಾಗಳಿಗೆ ಪರಿಹಾರವಾಗಿ.

ಪುಸ್ತಕದಲ್ಲಿ ಎಸ್‌ಎಸ್‌ಡಿಯನ್ನು ದುರಸ್ತಿ ಖಾತೆಗೆ ಬರೆದೆ, ಇದ್ದದ್ದರ ಜಾಗಕ್ಕೆ ಬಂದದ್ದಲ್ಲವೇ. ಯುಎಸ್‌ಬಿ ಡಿಸ್ಕು ಹೊಸದಾಗಿ ಸೇರಿದ್ದು, ಅದು ಕಂಪ್ಯೂಟರಿನ ಜೊತೆ ಆಸ್ತಿಗೆ ಹೋಯಿತು, ಶೇಕಡಾ 40ರ ಸವಕಳಿಗೆ. ಈ ಯಂತ್ರದಲ್ಲಿ ಹೋದದ್ದು ಎರಡನೇ ಡಿಸ್ಕು, ಮೂರನೆಯದೂ ಒಂದು ದಿನ ಹೋಗುತ್ತದೆ. ಅದಕ್ಕಾಗಿ ಪ್ರತಿ ಗಿರಾಕಿಯ ಫೀಸಿಗೆ ತಿಂಗಳಿಗೆ ಐವತ್ತು ರೂಪಾಯಿ ಸೇರಿಸಿದೆ. ಹೆಚ್ಚಿನವರು ಏನೂ ಅನ್ನಲಿಲ್ಲ. ದಿನಸಿ ಅಂಗಡಿಯ ಶೆಟ್ಟರು ಮಾತ್ರ ಕನ್ನಡಕ ಕೆಳಗಿಳಿಸಿ ನೋಡಿದರು.

"ನಮ್ಮ ಲೆಕ್ಕ ನಿಮ್ಮ ಹತ್ರ ಇರೋದಕ್ಕೆ ನಾವ್ಯಾಕೆ ಬಾಡಿಗೆ ಕೊಡ್ಬೇಕು ಸಾರ್? ಒಂದು ಪೆನ್ ಡ್ರೈವಿಗೆ ಹಾಕ್ಕೊಡಿ, ತಿಂಗಳಾ ತಿಂಗಳಾ ನಮ್ಮ ಗಲ್ಲಾಪೆಟ್ಟಿಗೇಲೇ ಇಟ್ಕೋತೀನಿ."

ಅವರ ಐವತ್ತು ರೂಪಾಯಿ ತಕ್ಷಣ ಮನ್ನಾ ಮಾಡಿದೆ. ನನ್ನ ಎರಡೂ ಪ್ರತಿ ಒಂದೇ ಕೋಣೆಯಲ್ಲಿದ್ದವು, ಮೂರನೆಯದಕ್ಕೆ ಬೇರೆ ಕಟ್ಟಡ ಹುಡುಕುತ್ತಿದ್ದೆ.