ಯಂತ್ರಸಾಧನಗಳ ಪಾಠದಲ್ಲಿ ಅಂಕೆಯೂ ಸ್ವಾತಂತ್ರ್ಯವೂ

ನಮ್ಮ ಚನ್ನಪಟ್ಟಣವು ಬೊಂಬೆಗಳ ಊರೆಂಬುದು ಬೆಂಗಳೂರಿನಿಂದ ಮೈಸೂರಿಗೆ ಒಮ್ಮೆ ಪ್ರಯಾಣ ಮಾಡಿದವರಿಗೂ ವಿದಿತವಾದ ವಿಷಯವೇ. ಇಲ್ಲಿನ ಆಟದ ಸಾಮಾನುಗಳಲ್ಲಿ ತೀರ ಸಾಮಾನ್ಯವಾದ ಒಂದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇವೆ. ಒಂದು ಪೀಠ; ಅದರ ಮೇಲೆ ನೆಟ್ಟಗೆ ನಿಂತ ಒಂದು ಕಡ್ಡಿ; ಆ ಕಡ್ಡಿಗೆ ಪೋಣಿಸಲು ದೊಡ್ಡದರಿಂದ ಚಿಕ್ಕದರವರೆಗೆ ಐದಾರು ಬಣ್ಣದ ಬಳೆಗಳು. ಮಗುವು ಅವನ್ನು ತನ್ನ ಇಷ್ಟದಂತೆ ಹಾಕಬಹುದು, ತೆಗೆಯಬಹುದು. ಬೇಡವೆನ್ನುವವರು ಯಾರೂ ಇಲ್ಲ. ಆದರೆ ಕ್ರಮ ತಪ್ಪಿದರೆ ಗೋಪುರವು ಅಂಕುಡೊಂಕಾಗಿ ಕಾಣುವುದು. ಮಗು ತಾನೇ ಅದನ್ನು ಕಂಡು, ತಾನೇ ಬಿಚ್ಚಿ, ತಾನೇ ಪುನಃ ಜೋಡಿಸುವುದು. ಆ ಬೊಂಬೆಯನ್ನು ಕಡೆದವರು ಆ ಹೊತ್ತಿಗೆ ಎಲ್ಲಿಯೋ ಇರುವರು. ಆದಾಗ್ಯೂ ಅವರ ಅಂಕೆಯು ಬಳೆಗಳ ಅಳತೆಯಲ್ಲಿ ಅಡಗಿರುತ್ತದೆ. 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೆ ಬೋಧಿಸಿದ ಮರಿಯಾ ಮಾಂಟೆಸೊರಿಯವರು ತಮ್ಮ ಶಿಶುಶಾಲೆಯ ಉಪಕರಣಗಳಲ್ಲಿ ಬಯಸಿದ ಗುಣಗಳಲ್ಲಿಯೂ ಇದೊಂದು. ತಪ್ಪನ್ನು ತೋರಿಸಿಕೊಡುವ ಕೆಲಸವನ್ನು ಉಪಾಧ್ಯಾಯಿನಿಯ ನಾಲಗೆಯಿಂದ ತೆಗೆದು ಉಪಕರಣಕ್ಕೇ ಒಪ್ಪಿಸಬೇಕೆಂದು ಅವರ ಅಭಿಪ್ರಾಯವಾಗಿತ್ತು.

ಈಗ ಪಾಠಶಾಲೆಗಳಿಗೆ ಬಂದಿರುವ ಉಪಕರಣಗಳು ಬೇರೆ ಬಗೆಯವು. ಕಂಪ್ಯೂಟರು, ಮೊಬೈಲು ಫೋನು, ಗೋಡೆಯ ಮೇಲಿನ ಸ್ಮಾರ್ಟ್ ಬೋರ್ಡು, ಪಠ್ಯಪುಸ್ತಕದ ಪುಟದಲ್ಲಿಯೇ ಅಚ್ಚಾಗಿ ಬರುವ ಕ್ಯೂಆರ್ ಕೋಡು ಮೊದಲಾದವುಗಳನ್ನು ಕಾಣದ ಹೈಸ್ಕೂಲು ಹುಡುಗಿಯರು ನಮ್ಮ ತಾಲ್ಲೂಕಿನಲ್ಲಿ ವಿರಳ. ಇವುಗಳ ಮೂಲಕ ಕಲಿಯುವಾಗ ಉಪಾಧ್ಯಾಯಿನಿಯ ಅಂಕೆ ಎಷ್ಟಿರಬೇಕು, ಹುಡುಗಿಯ ಇಷ್ಟಕ್ಕೆ ಬಿಡತಕ್ಕದ್ದು ಎಷ್ಟು ಎಂಬ ಪ್ರಶ್ನೆಯು ಉಪಾಧ್ಯಾಯರ ಸಭೆಗಳಲ್ಲಿ ಪದೇ ಪದೇ ಏಳುತ್ತದೆ. ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟರೆ ಕೆಟ್ಟುಹೋಗುವರೆಂದು ಕೆಲವರು. ಕೊಟ್ಟು ಸುಮ್ಮನಿದ್ದರೆ ತಾವೇ ಕಲಿಯುವರೆಂದು ಕೆಲವರು. ನಾವು ಈ ಎರಡು ಪಕ್ಷಗಳಿಗೂ ಸೇರಿದವರಲ್ಲ. ಹೆಣ್ಣುಮಕ್ಕಳಿಗೆ ಪಾಠ ಹೇಳುವವರಾದ ನಮಗೆ, ಈ ಎರಡು ಪಕ್ಷದವರೂ ಗಮನಿಸದ ಸಂಗತಿಯೊಂದು ಅನುಭವದಿಂದ ತಿಳಿದುಬಂದಿದೆ. ಅದನ್ನು ಹೇಳುವುದಕ್ಕೆ ಮುಂಚೆ ಸ್ವಲ್ಪ ಹಿಂದಿನ ಕಥೆಯನ್ನು ನೋಡಬೇಕಾಗಿದೆ.

ಯಂತ್ರದ ಮೂಲಕ ದೂರದ ಜನರಿಗೆ ಅರಿವನ್ನು ಮುಟ್ಟಿಸುವ ಪ್ರಯತ್ನವು ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದ್ದರು. ತರುವಾಯ 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕದವರ ಎಟಿಎಸ್-6 ಎಂಬ ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ತಲುಪಿದವು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದಕ್ಕೆ ಆಯ್ಕೆಯಾಗಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಎಂದು ವೇಳೆ ಗೊತ್ತಾಗಿತ್ತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಎಂಬ ಉಪಗ್ರಹವನ್ನು ನಮ್ಮ ದೇಶದವರೇ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. ಇವೆಲ್ಲ ದೊಡ್ಡ ಕಾರ್ಯಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಂತಹ ಪ್ರಸಾರದ ಪಾಠ ನಡೆಯುವಾಗ ಉಪಾಧ್ಯಾಯರೂ ಮಕ್ಕಳ ಜೊತೆಯಲ್ಲಿ ಕೈಕಟ್ಟಿ ಕುಳಿತುಬಿಡಬೇಕಾಗುತ್ತದೆ. ಹಿಂದಿನ ಬೆಂಚಿನವಳಿಗೆ ಅರ್ಥವಾಗಲಿಲ್ಲವೆಂದು ಚಿತ್ರವು ನಿಲ್ಲುವುದಿಲ್ಲ. ಅಂಕೆಯು ಇಬ್ಬರ ಕೈಯಲ್ಲಿಯೂ ಇಲ್ಲ, ಆಕಾಶದಲ್ಲಿದೆ.

ಇದಕ್ಕೆ ವ್ಯತಿರಿಕ್ತವಾದ ಪ್ರಯೋಗವು ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾಯಿತು. ಅಲ್ಲಿನ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಕ್ರಮವನ್ನು ಕಂಡುಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ‘ನಲಿ-ಕಲಿ’ ಎಂಬ ಪದ್ಧತಿಯನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ವಿಸ್ತರಿಸಿತು. ಅದರಲ್ಲಿ ವಿದ್ಯುತ್ತಿನ ಯಂತ್ರವಾವುದೂ ಇಲ್ಲ. ಇರುವುದು ಕಾಗದದ ಕಾರ್ಡುಗಳು, ಗೋಡೆಗೆ ತೂಗುಹಾಕಿದ ಕಲಿಕೆಯ ಏಣಿ ಇಷ್ಟೇ. ಮಗುವು ತಾನು ಏಣಿಯ ಯಾವ ಮೆಟ್ಟಿಲಿನಲ್ಲಿ ಇರುವೆನೆಂಬುದನ್ನು ನೋಡಿಕೊಂಡು, ಅದಕ್ಕೆ ಹೊಂದುವ ಕಾರ್ಡನ್ನು ತಾನೇ ಎತ್ತಿಕೊಂಡು ಬರುವುದು. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ನೆರವು, ಇನ್ನೊಂದಕ್ಕೆ ಅಲ್ಪಸ್ವಲ್ಪ ನೆರವು, ಮತ್ತೊಂದಕ್ಕೆ ಜೊತೆಯ ಮಕ್ಕಳ ನೆರವು, ಕಡೆಯದಕ್ಕೆ ಯಾರ ನೆರವೂ ಇಲ್ಲ. ನಮಗೆ ಬಹಳ ಮೆಚ್ಚುಗೆಯಾದ ಅಂಶವೇನೆಂದರೆ, ಮಗುವು ಒಂದು ಗುಂಪಿನಲ್ಲಿಯೇ ನೆಲೆಯಾಗಿ ನಿಲ್ಲುವುದಿಲ್ಲ. ಹೊಸ ಅಕ್ಷರವನ್ನು ಕಲಿಯುವಾಗ ಉಪಾಧ್ಯಾಯರ ಮಗ್ಗುಲಲ್ಲಿ ಕುಳಿತ ಮಗುವೇ ಅಭ್ಯಾಸದ ಕಾರ್ಡು ಬಂದೊಡನೆ ಎದ್ದು ಬೇರೆ ಗುಂಪಿಗೆ ಹೋಗುವುದು. ಹಾಗಾದರೆ ಸ್ವಾತಂತ್ರ್ಯವು ಜಾಣೆಗೆ ಕೊಟ್ಟು ಮಂದಬುದ್ಧಿಯವಳಿಗೆ ಕೊಡದಿರುವ ಬಹುಮಾನವಲ್ಲ. ಅದು ಒಂದೊಂದು ಪಾಠದೊಳಗೂ ಕ್ರಮಕ್ರಮವಾಗಿ ಹೆಚ್ಚತಕ್ಕದ್ದು. (ಈ ಪದ್ಧತಿಯಲ್ಲಿ ದೋಷಗಳಿಲ್ಲವೆಂದು ನಮ್ಮ ಮಾತಲ್ಲ. ತುಂಬಿದ ತರಗತಿಯಲ್ಲಿ ಒಬ್ಬರೇ ಇಷ್ಟು ಗುಂಪುಗಳನ್ನು ನಡೆಸುವ ಕಷ್ಟವನ್ನು ನಡೆಸಿದವರೇ ಬಲ್ಲರು.)

1950ರ ದಶಕದಲ್ಲಿ ಅಮೆರಿಕದ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಬೋಧನಾಯಂತ್ರದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ವೇಗದಲ್ಲಿ ಹೋಗಬಹುದಾಗಿತ್ತು. ಆದರೆ ದಾರಿ ಮಾತ್ರ ಒಂದೇ, ಅದನ್ನು ಬಿಟ್ಟು ಕದಲುವಂತಿರಲಿಲ್ಲ. ಇದರಿಂದ ನಾವು ತಿಳಿಯಬೇಕಾದುದೇನೆಂದರೆ, ಸ್ವಾತಂತ್ರ್ಯವೆಂಬುದು ಒಂದೇ ವಸ್ತುವಲ್ಲ. ವೇಗದ ಸ್ವಾತಂತ್ರ್ಯ ಬೇರೆ, ದಾರಿಯ ಸ್ವಾತಂತ್ರ್ಯ ಬೇರೆ, ವೇಳೆಯ ಸ್ವಾತಂತ್ರ್ಯ ಬೇರೆ. ಕಡೆಯದರ ವಿಷಯದಲ್ಲಿಯೇ ನಾವು ಮೋಸಹೋದೆವು.

2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ದೆಸೆಯಿಂದ ಶಾಲೆಗಳೆಲ್ಲ ಮುಚ್ಚಿದುವಷ್ಟೆ. ಆಗ ನಾವು ಪಾಠಗಳನ್ನು ಫೋನಿನಲ್ಲಿಯೇ ವೀಡಿಯೊ ಮಾಡಿ, ವಾಟ್ಸಪ್ ಗುಂಪಿನಲ್ಲಿ ಹಾಕಿ, ‘ನಿಮಗೆ ಅನುಕೂಲವಾದಾಗ ನೋಡಿರಿ’ ಎಂದು ಬರೆದೆವು. ಹುಡುಗಿಯರಿಗೆ ದೊಡ್ಡ ಉಪಕಾರ ಮಾಡಿದೆವೆಂದೇ ನಮ್ಮ ಎಣಿಕೆ. ಹದಿನೈದು ದಿನಗಳ ಮೇಲೆ ವಿಚಾರಿಸಲಾಗಿ ಒಂಬತ್ತನೆಯ ತರಗತಿಯಲ್ಲಿ ಅರ್ಧದಷ್ಟು ಹುಡುಗಿಯರು ಒಂದು ಪಾಠವನ್ನಾದರೂ ಕಡೆಯವರೆಗೆ ನೋಡಿರಲಿಲ್ಲ. ಮೈಗಳ್ಳತನವೆಂದು ನಾವು ಮೊದಲು ಭಾವಿಸಿದೆವು. ಒಬ್ಬ ತಾಯಿಯೊಡನೆ ಮಾತಾಡಿದ ಮೇಲೆ ನಮ್ಮ ಕಣ್ಣು ತೆರೆಯಿತು. ಆಕೆ ಯಾವ ಸಂಕೋಚವೂ ಇಲ್ಲದೆ, “ಅದು ಯಾವಾಗ ಬೇಕಾದ್ರೂ ನೋಡ್ಬೋದಂತಲ್ಲ ಮಿಸ್, ಕೆಲಸ ಎಲ್ಲ ಮುಗಿಸಿ ರಾತ್ರಿ ನೋಡ್ಕೊತಾಳೆ ಬಿಡಿ” ಎಂದರು.

ಆ ಮನೆಯ ದಿನಚರಿಯನ್ನು ವಾಚಕರು ಊಹಿಸಿಕೊಳ್ಳಬೇಕು. ಫೋನು ಒಂದೇ. ತಂದೆಯು ಬೆಳಿಗ್ಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವಾಗ ಅದು ಅವರ ಜೇಬಿನಲ್ಲಿ ಹೋಗುತ್ತದೆ. ಅವರು ಮಧ್ಯಾಹ್ನ ಬಂದ ಮೇಲೆ ಅಣ್ಣನ ಕೈಗೆ ಸೇರುತ್ತದೆ. ಹುಡುಗಿಯು ಆ ಹೊತ್ತಿಗೆ ನೀರು ಹಿಡಿಯುತ್ತಲೋ, ಪಾತ್ರೆ ತೊಳೆಯುತ್ತಲೋ, ತಮ್ಮನನ್ನು ಆಡಿಸುತ್ತಲೋ ಇರುತ್ತಾಳೆ. ರಾತ್ರಿ ಹತ್ತಕ್ಕೆ ಫೋನು ಅವಳಿಗೆ ಸಿಕ್ಕುವಾಗ ಅದರಲ್ಲಿ ಚಾರ್ಜು ಇಲ್ಲ, ಅವಳ ಕಣ್ಣಿನಲ್ಲಿ ನಿದ್ದೆ. ಶಾಲೆಯು ನಡೆಯುತ್ತಿದ್ದಾಗ ಬೆಳಗಿನ ಗಂಟೆ ಬಾರಿಸಿದರೆ, ಮನೆಯ ಕೆಲಸವೆಷ್ಟಿದ್ದರೂ ಅವಳು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು, ಯಾರೂ ತಡೆಯುತ್ತಿರಲಿಲ್ಲ. ಯಾವಾಗ ಬೇಕಾದರೂ ಆಗಬಹುದಾದ ಪಾಠವನ್ನಾದರೋ ಮನೆಯಲ್ಲಿ ಎಲ್ಲರೂ ಮುಂದಕ್ಕೆ ತಳ್ಳಬಹುದು. ವೇಳೆಯನ್ನು ಸಡಿಲಿಸಿದಾಗ ನಾವು ಸ್ವಾತಂತ್ರ್ಯವನ್ನು ಕೊಟ್ಟದ್ದು ಹುಡುಗಿಗಲ್ಲ, ಅವಳ ಹೊತ್ತನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳುವವರಿಗೆ.

ಅದೇ ವರ್ಷದ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯು ಹೈಸ್ಕೂಲು ತರಗತಿಗಳಿಗೆ ಪಾಠಗಳನ್ನು ಪ್ರಸಾರಮಾಡಲು ತೊಡಗಿತು. ಪ್ರಸಾರದ ಪಾಠದ ವಿಷಯವಾಗಿ ನಾವು ಮೇಲೆ ಹೇಳಿದ ಆಕ್ಷೇಪಣೆಗಳೆಲ್ಲ ಇದಕ್ಕೂ ಸಲ್ಲುವುವು: ನಿಲ್ಲಿಸುವಂತಿಲ್ಲ, ಕೇಳುವಂತಿಲ್ಲ. ಆದರೂ ಆಶ್ಚರ್ಯವೇನೆಂದರೆ, ನಮ್ಮ ಹುಡುಗಿಯರಲ್ಲಿ ಅನೇಕರು ವೀಡಿಯೊಗಳಿಗಿಂತ ಆ ಪಾಠಗಳನ್ನೇ ಹೆಚ್ಚು ನೋಡಿದ್ದರು. ಕಾರಣವು ಸರಳ. ಅದಕ್ಕೆ ವೇಳಾಪಟ್ಟಿಯಿತ್ತು. ‘ಈಗ ನನ್ನ ಪಾಠ’ ಎಂದು ಹುಡುಗಿ ಹೇಳಬಹುದಾಗಿತ್ತು. ಹೇಳಿದರೆ ಮನೆಯವರು ಒಪ್ಪುತ್ತಿದ್ದರು. ಎಲ್ಲಕ್ಕಿಂತಲೂ ಬಿಗಿಯಾದ ಸಾಧನವೇ ಅವಳಿಗೆ ಅರ್ಧ ಗಂಟೆಯ ಬಿಡುವನ್ನು ದೊರಕಿಸಿಕೊಟ್ಟಿತು.

ಆಗಸ್ಟಿನಲ್ಲಿ ಸರ್ಕಾರದ ‘ವಿದ್ಯಾಗಮ’ ಯೋಜನೆಯಂತೆ ಉಪಾಧ್ಯಾಯರು ಮಕ್ಕಳಿರುವಲ್ಲಿಗೇ ಹೋಗಿ, ದೇವಸ್ಥಾನದ ಜಗಲಿ, ಮರದ ನೆರಳು ಮುಂತಾದ ಕಡೆ ಪಾಠ ಹೇಳಿದ ಸಂಗತಿ ಎಲ್ಲರಿಗೂ ನೆನಪಿರಬಹುದು. ಫೋನಿಲ್ಲದ ಮಕ್ಕಳು, ಇಂಟರ್‌ನೆಟ್ಟಿಲ್ಲದ ಫೋನಿರುವ ಮಕ್ಕಳು, ಇಂಟರ್‌ನೆಟ್ಟೂ ಇರುವ ಮಕ್ಕಳು ಎಂದು ಅದರಲ್ಲಿ ವಿಭಾಗಿಸಿದ್ದರು. ವಿಭಾಗವು ಯುಕ್ತವಾದದ್ದೇ, ಆದರೆ ಮನೆಯಲ್ಲಿ ಫೋನಿರುವುದು ಒಂದು, ಮಗಳ ಕೈಯಲ್ಲಿ ಫೋನಿರುವುದು ಇನ್ನೊಂದು ಎಂಬುದು ಯಾವ ಪಟ್ಟಿಯಲ್ಲಿಯೂ ಸುಲಭವಾಗಿ ಕಾಣುವುದಿಲ್ಲ. ನಾವು ವೀಡಿಯೊ ಕಳುಹಿಸುವುದನ್ನು ಬಿಡಲಿಲ್ಲ. ಅದಕ್ಕೆ ಒಂದು ವೇಳೆಯನ್ನು ಕಟ್ಟಿದೆವು. ಸಂಜೆ ಏಳರಿಂದ ಎಂಟರವರೆಗೆ ಪಾಠದ ಹೊತ್ತೆಂದು ತಂದೆತಾಯಿಗಳಿಗೇ ತಿಳಿಸಿದೆವು. ಆ ಹೊತ್ತಿನಲ್ಲಿ ನಾವೂ ಫೋನಿನ ಮುಂದೆ ಕುಳಿತಿರುತ್ತಿದ್ದೆವು. ಆ ಗಂಟೆಯೊಳಗೆ ಹುಡುಗಿಯು ಪಾಠವನ್ನು ಒಮ್ಮೆ ನೋಡಲಿ, ಮೂರು ಸಲ ನೋಡಲಿ, ಅರ್ಧಕ್ಕೆ ನಿಲ್ಲಿಸಿ ಹಿಂದಕ್ಕೆ ತಿರುಗಿಸಲಿ, ಅದು ಅವಳ ಇಷ್ಟ. ತರಗತಿಯಲ್ಲಿ ಎರಡು ವರ್ಷಗಳಿಂದ ಬಾಯಿ ತೆರೆಯದಿದ್ದ ಒಬ್ಬ ಹುಡುಗಿಯು ಬೀಜಗಣಿತದ ಒಂದೇ ಪಾಠವನ್ನು ನಾಲ್ಕು ಸಲ ಕೇಳಿ, ಐದನೆಯ ದಿನ ನಾವು ಬೋರ್ಡಿನ ಮೇಲೆ ಮಾಡಿದ್ದ ಚಿಹ್ನೆಯ ತಪ್ಪನ್ನು ಬರೆದು ಕಳುಹಿಸಿದಳು. ನಾಲ್ಕು ಸಲ ಹೇಳಿಸಿಕೊಳ್ಳಲು ತರಗತಿಯಲ್ಲಿ ಅವಳಿಗೆ ಎಂದಿಗೂ ಧೈರ್ಯವಾಗುತ್ತಿರಲಿಲ್ಲ.

ಅಂಕೆಯನ್ನು ನಾವು ತಪ್ಪು ಸ್ಥಳದಲ್ಲಿ ಉಪಯೋಗಿಸಿದ್ದೂ ಉಂಟು. ನೇರ ತರಗತಿಗಳನ್ನು ನಡೆಸಿದಾಗ ಎಲ್ಲರೂ ಕ್ಯಾಮೆರಾ ತೆರೆದಿಡತಕ್ಕದ್ದೆಂದು ನಾವು ಕಟ್ಟುಮಾಡಿದೆವು. ಕೆಲವು ಹುಡುಗಿಯರು ತರಗತಿಗೆ ಬರುವುದನ್ನೇ ನಿಲ್ಲಿಸಿದರು. ಒಂದೇ ಕೋಣೆಯ ಮನೆ, ಹಿಂದೆ ಒಲೆ, ಮಗ್ಗುಲಲ್ಲಿ ಕಾಯಿಲೆಯ ಅಜ್ಜಿ. ಅದನ್ನೆಲ್ಲ ಗೆಳತಿಯರಿಗೆ ತೋರಿಸಲು ಹದಿನಾಲ್ಕು ವರ್ಷದ ಹುಡುಗಿಗೆ ನಾಚಿಕೆಯಾಗದಿರುವುದು ಹೇಗೆ? ಮುಖ ಕಂಡರೆ ಕಲಿತಂತೆ ಎಂಬ ಭ್ರಮೆ ನಮ್ಮದಾಗಿತ್ತು. ಪಾಠದ ಕಡೆಯಲ್ಲಿ ಒಂದು ಪ್ರಶ್ನೆ ಕೇಳಿ, ಎರಡು ಸಾಲಿನ ಉತ್ತರ ಬರೆಸಿದ್ದರೆ ಸಾಕಾಗುತ್ತಿತ್ತು.

ಈಗ ಶಾಲೆಗಳು ತೆರೆದು ವರ್ಷಗಳಾದುವು. ಆದರೆ ಯಂತ್ರಗಳು ಹಿಂದಿರುಗಿ ಹೋಗಲಿಲ್ಲ, ಹೋಗತಕ್ಕವೂ ಅಲ್ಲ. 1999ರಲ್ಲಿ ಡಾ. ಸುಗತ ಮಿತ್ರ ಎಂಬವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಯೊಂದರಲ್ಲಿ ಕಂಪ್ಯೂಟರನ್ನು ಕೂರಿಸಿ ಬಿಟ್ಟರು. ಬೀದಿಯ ಮಕ್ಕಳು ಯಾರ ಬೋಧನೆಯೂ ಇಲ್ಲದೆ ಅದನ್ನು ನಡೆಸುವುದನ್ನು ಕಲಿತರು. ಇದನ್ನು ಓದಿದಾಗ ನಮಗೆ ಸಂತೋಷವೂ ಆಯಿತು, ಒಂದು ಶಂಕೆಯೂ ಬಂದಿತು. ಬೀದಿಯ ಗೋಡೆಯ ಮುಂದೆ ಮೊದಲು ನಿಲ್ಲುವವರು ಯಾರು? ನಮ್ಮ ಕಂಪ್ಯೂಟರು ಕೋಣೆಯಲ್ಲಿಯೇ, ಹುಡುಗಿಯರು ಮಾತ್ರ ಇರುವಲ್ಲಿ, ಒಂದು ಯಂತ್ರಕ್ಕೆ ಮೂವರನ್ನು ಕೂರಿಸಿದರೆ ಮೌಸು ಚುರುಕಾದವಳ ಕೈಯಲ್ಲಿಯೇ ಉಳಿಯುವುದು. ಉಳಿದಿಬ್ಬರು ನೋಡುತ್ತ ಕೂರುವರು. ಹತ್ತು ನಿಮಿಷಕ್ಕೊಮ್ಮೆ ಚಪ್ಪಾಳೆ ತಟ್ಟಿ ಕುರ್ಚಿ ಬದಲಾಯಿಸುವ ನಿಯಮವನ್ನು ಮಾಡಿದೆವು. ಚುರುಕಾದವಳು ಗೊಣಗಿದಳು. ಉಳಿದವರು ಮೊದಲ ಸಲ ಯಂತ್ರವನ್ನು ಮುಟ್ಟಿದರು.

ಕಡೆಯದಾಗಿ ದಾರಿಯ ಸ್ವಾತಂತ್ರ್ಯದ ವಿಷಯ. ಎಂಟನೆಯ ತರಗತಿಯಲ್ಲಿ ಘರ್ಷಣೆಯ ಪಾಠ ಬಂದಾಗ, ಊರಿನಲ್ಲಿಯೇ ಉದಾಹರಣೆಯಿರುವಾಗ ಪುಸ್ತಕವೇತಕ್ಕೆಂದು, ಬೊಂಬೆಯ ಕೆಲಸದ ಮನೆಗೆ ಹೋಗಿ ನಿಮಗೆ ತೋರಿದಂತೆ ವೀಡಿಯೊ ಮಾಡಿಕೊಂಡು ಬನ್ನಿರೆಂದು ಹುಡುಗಿಯರಿಗೆ ಹೇಳಿದೆವು. ಬಹಳ ಚೆಂದದ ವೀಡಿಯೊಗಳು ಬಂದವು. ಬಣ್ಣಬಣ್ಣದ ಬೊಂಬೆಗಳು, ಹಿನ್ನೆಲೆಗೆ ಸಿನಿಮಾ ಹಾಡು; ಘರ್ಷಣೆಯ ಮಾತು ಒಂದರಲ್ಲಿಯೂ ಇರಲಿಲ್ಲ. ತಪ್ಪು ಅವರದಲ್ಲ; ಏನನ್ನು ನೋಡಬೇಕೆಂದು ನಾವು ಹೇಳಿಯೇ ಇರಲಿಲ್ಲ. ಮಾರನೆಯ ವರ್ಷದ ತರಗತಿಗೆ ಒಂದು ಪ್ರಶ್ನೆಯನ್ನು ಮಾತ್ರ ಬೋರ್ಡಿನ ಮೇಲೆ ಬರೆದೆವು: ‘ಬೆಂಕಿಯಿಲ್ಲದೆ ಅರಗು ಕರಗುವುದು ಹೇಗೆ?’ ಉತ್ತರವನ್ನು ಯಾವ ರೀತಿಯಲ್ಲಿ ತಂದರೂ ಸರಿಯೆಂದೆವು, ಒಂದು ವಾರದ ಅವಧಿ ಕೊಟ್ಟೆವು.

ಒಬ್ಬಳು, ತಿರುಗುವ ಹಾಲೆಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವ ಕೈಯನ್ನೇ ಹತ್ತಿರದಿಂದ ವೀಡಿಯೊ ತೆಗೆದಿದ್ದಳು. ಫೋನಿಲ್ಲದ ಒಬ್ಬಳು ಐದು ಚಿತ್ರಗಳನ್ನು ಬರೆದು ತಂದಳು. ಮತ್ತೊಬ್ಬಳು ಬೊಂಬೆ ಕಡೆಯುವ ತನ್ನ ತಾತನ ಮಾತನ್ನು ಫೋನಿನಲ್ಲಿ ಹಿಡಿದು ತಂದಿದ್ದಳು. ಹಿಂದೆ ಕೈಯಿಂದ ತಿರುಗಿಸುತ್ತಿದ್ದ ಲೇತಿಗೂ ಈಗಿನ ಮೋಟಾರಿನ ಲೇತಿಗೂ ಕೈಗೆ ಹತ್ತುವ ಬಿಸಿಯಲ್ಲಿ ಇರುವ ವ್ಯತ್ಯಾಸವನ್ನು ಆ ವೃದ್ಧರು ವಿವರಿಸಿದ್ದರು. ಅರಗು ಹತ್ತಿದ ಮೇಲೆ ತಾಳೆಗರಿಯನ್ನು ಒತ್ತಿ ಹೊಳಪು ಕೊಡುವರಷ್ಟೆ. ಅದನ್ನು ಕಂಡು ಬಂದ ನಾಲ್ಕನೆಯವಳು ಉತ್ತರದ ಕೆಳಗೆ ತಾನೇ ಒಂದು ಪ್ರಶ್ನೆಯನ್ನು ಬರೆದಿದ್ದಳು: ಗರಿಯೂ ತಿಕ್ಕುವುದೇ, ಅದರಿಂದಲೂ ಬಿಸಿಯಾಗುವುದೇ, ಹಾಗಿದ್ದರೆ ಹತ್ತಿದ ಅರಗು ಪುನಃ ಕಿತ್ತುಬಾರದೆ ಇನ್ನೂ ನುಣುಪಾಗುವುದು ಏಕೆ? ಅದನ್ನು ಕೇಳಿ ತಿಳಿಯಲು ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಜೊತೆಯಲ್ಲಿ ನಾವೇ ಲೇತಿನ ಮನೆಗೆ ಹೋದೆವು.